ಕ್ರಾಂತಿಯ ಕಥೆಗೆ ಎರಡನೆಯ ಸಂಪುಟ

ಮೊದಲ ಸಂಪುಟ ಬಂದದ್ದು 1932ರಲ್ಲಿ. ಎರಡನೆಯದು ಪೂರ್ಣಗೊಂಡು ಓದುಗರ ಕೈಸೇರಿದ್ದು 1960ರಲ್ಲಿ. ನಡುವಿನ 28 ವರ್ಷಗಳಲ್ಲಿ ಸೋವಿಯತ್ ರಷ್ಯಾ ಘೋರ ಕ್ಷಾಮವನ್ನು ಕಂಡಿತು, ಲಕ್ಷಾಂತರ ಜನರ ಬಂಧನವನ್ನು ಕಂಡಿತು, ಮಹಾಯುದ್ಧವನ್ನು ಕಂಡಿತು, ಸ್ಟಾಲಿನ್ ಸಾವನ್ನೂ ಕಂಡಿತು. ಆದರೆ ಕಾದಂಬರಿಯ ಒಳಗೆ ಸರಿದ ಕಾಲ ಹೆಚ್ಚುಕಡಿಮೆ ಎರಡೇ ತಿಂಗಳು. 1930ರ ಬೇಸಿಗೆಯಲ್ಲಿ ನಿಂತಿದ್ದ ಕಥೆ ಅದೇ ಬೇಸಿಗೆಯಲ್ಲಿ ಮುಂದುವರಿದು, ಅಲ್ಲೇ ಮುಗಿಯಿತು.

ಮಿಖಾಯಿಲ್ ಶೋಲೊಖೊವ್ ಬರೆದ ಈ ಕಾದಂಬರಿ ಇಂಗ್ಲಿಷಿನಲ್ಲಿ ‘ವರ್ಜಿನ್ ಸಾಯಿಲ್ ಅಪ್‌ಟರ್ನ್ಡ್’ ಎಂಬ ಹೆಸರಿನಿಂದ ಪ್ರಸಿದ್ಧ. ಬೀಳುಬಿದ್ದ ನೆಲವನ್ನು ನೇಗಿಲು ಮೊದಲ ಸಲ ಮಗುಚಿ ಹಾಕಿದ ಚಿತ್ರ ಆ ಹೆಸರಿನಲ್ಲಿದೆ. ಡಾನ್ ನದಿಯ ಸೀಮೆಯ ಗ್ರೆಮ್ಯಾಚಿ ಲೊಗ್ ಎಂಬ ಹಳ್ಳಿಯಲ್ಲಿ ರೈತರ ಹೊಲ, ಎತ್ತು, ಬಿತ್ತನೆಯ ಕಾಳು ಎಲ್ಲವೂ ಸಾಮೂಹಿಕ ಬೇಸಾಯದ ಸಂಘಕ್ಕೆ ಸೇರಿದ ಬಗೆಯನ್ನು ಅದು ಹೇಳುತ್ತದೆ. ಎರಡನೆಯ ಸಂಪುಟ ಪೂರ್ಣಗೊಂಡ ವರ್ಷವೇ ಲೇಖಕರಿಗೆ ಲೆನಿನ್ ಪ್ರಶಸ್ತಿ ಬಂತು. 1965ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು.

ಎರಡನೆಯ ಸಂಪುಟವನ್ನು ಕೈಗೆತ್ತಿಕೊಳ್ಳುವ ಕನ್ನಡದ ಓದುಗನಿಗೆ ಅದರಿಂದ ಏನನ್ನು ಅಪೇಕ್ಷಿಸಬೇಕೆಂದು ಹೇಳಿಕೊಡಬೇಕಿಲ್ಲ. ತ.ರಾ.ಸು. ಅವರ ಚಿತ್ರದುರ್ಗದ ಕಾದಂಬರಿಗಳನ್ನು ಒಂದಾದ ಮೇಲೊಂದರಂತೆ ಓದಿದವರಿಗೆ, ‘ಕಂಬನಿಯ ಕುಯಿಲು’ ಮುಗಿದರೆ ‘ರಕ್ತರಾತ್ರಿ’ ಇದೆ, ಅದು ಮುಗಿದರೆ ‘ತಿರುಗುಬಾಣ’ ಇದೆ ಎಂಬುದು ಗೊತ್ತು. ಕೋಟೆ ಕೊನೆಗೆ ಹೈದರಾಲಿಯ ವಶವಾಗುವುದು ಇತಿಹಾಸದಲ್ಲಿ ಬರೆದಿಟ್ಟ ಸಂಗತಿ. ಲೇಖಕರು ಅದನ್ನು ತಪ್ಪಿಸಿಕೊಳ್ಳಲಿಲ್ಲ. 1982ರ ‘ದುರ್ಗಾಸ್ತಮಾನ’ದಲ್ಲಿ ಆ ಪತನವನ್ನೇ ಬರೆದರು. ಬಿ. ಪುಟ್ಟಸ್ವಾಮಯ್ಯನವರು ಬಸವಣ್ಣನ ಕಲ್ಯಾಣದ ಮೇಲೆ ಆರು ಕಾದಂಬರಿಗಳ ಮಾಲೆಯನ್ನೇ ಬರೆದರು. ಅದರ ‘ಕ್ರಾಂತಿ ಕಲ್ಯಾಣ’ಕ್ಕೆ 1964ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಬೆಳಗಾವಿ ಜಿಲ್ಲೆಯಲ್ಲಂತೂ ಕ್ರಾಂತಿಯ ಮುಂದಿನ ಕಥೆ ಪುಸ್ತಕಕ್ಕಿಂತ ಮೊದಲು ದಾರಿಯ ಮೇಲಿದೆ. ಕಲ್ಯಾಣ ಕೆಟ್ಟ ಮೇಲೆ ಚನ್ನಬಸವಣ್ಣ ಮತ್ತು ಶರಣರು ಈ ಸೀಮೆಯನ್ನು ಹಾಯ್ದು ಉಳವಿಗೆ ಹೋದರೆಂದು ಪರಂಪರೆ ಹೇಳುತ್ತದೆ. ಉಳವಿಯ ಜಾತ್ರೆಗೆ ಇಲ್ಲಿನ ಊರುಗಳಿಂದ ಚಕ್ಕಡಿ ಕಟ್ಟಿಕೊಂಡು ಹೋಗುವುದು ವಾಡಿಕೆ. ಅಂದರೆ ಗೋಕಾಕ, ಹುಕ್ಕೇರಿ ಸೀಮೆಯ ಘೋಡಗೇರಿಯಂಥ ಊರಿನಲ್ಲಿ ಬೆಳೆದವನಿಗೆ, ಕ್ರಾಂತಿ ನಡೆಯಿತು ಎಂಬಲ್ಲಿಗೆ ಕಥೆ ನಿಂತರೆ ಏನೋ ಬಿಟ್ಟುಹೋಗಿದೆ ಎಂದು ಅನ್ನಿಸುವುದು ಸಹಜ. ರಷ್ಯಾದ ಕಾದಂಬರಿಗಳ ಎರಡನೆಯ ಸಂಪುಟವನ್ನು ಓದುವಾಗ ಈ ಅಭ್ಯಾಸ ಬಹಳ ಉಪಯೋಗಕ್ಕೆ ಬರುತ್ತದೆ.

ರಷ್ಯಾದ ಕಥೆ ಈ ಸೀಮೆಗೆ ಹೊಸದೇನೂ ಅಲ್ಲ. ಗೋಕಾಕ ತಾಲ್ಲೂಕಿನ ಮಲಾಮರಡಿಯಲ್ಲಿ 1919ರಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿ ಪ್ರಗತಿಶೀಲ ಚಳವಳಿಯ ಮುಂಚೂಣಿಯ ಕಾದಂಬರಿಕಾರರು. 1942ರ ಚಳವಳಿಯಲ್ಲಿ ಸೆರೆಮನೆ ಕಂಡವರು. ಅವರ ‘ಜ್ವಾಲಾಮುಖಿಯ ಮೇಲೆ’ ಕಾದಂಬರಿಗೆ 1968ರಲ್ಲಿ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ಬಂತು. 1980ರಲ್ಲಿ ಬೆಳಗಾವಿಯಲ್ಲೇ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾಗಿದ್ದರು. ಅವರ ಜತೆಗಾರ ನಿರಂಜನರು ಗಾರ್ಕಿಯ ‘ತಾಯಿ’ಯನ್ನು ಕನ್ನಡಕ್ಕೆ ತಂದರು. 1960ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ನವಕರ್ನಾಟಕ ಪ್ರಕಾಶನ ಮಾಸ್ಕೋದಲ್ಲಿ ಅಚ್ಚಾದ ಪುಸ್ತಕಗಳನ್ನು ನಾಡಿನ ಓದುಗರಿಗೆ ತಲುಪಿಸಿತು. ಗಟ್ಟಿ ರಟ್ಟು, ಒಳ್ಳೆಯ ಕಾಗದ, ಯಾರಿಗೂ ಎಟಕುವ ಬೆಲೆ. ‘ಸೋವಿಯತ್ ಲ್ಯಾಂಡ್’ ಪತ್ರಿಕೆಯ ನುಣುಪು ಹಾಳೆ ಶಾಲೆಯ ಪುಸ್ತಕಗಳಿಗೆ ಹೊದಿಕೆಯಾದ ಕಾಲ ಅದು. ಹುಡುಗರಿಗೆ ಒಳಗಿನ ಲೇಖನಗಳಿಗಿಂತ ಆ ಹಾಳೆಯೇ ಹೆಚ್ಚು ಪ್ರಿಯವಾಗಿತ್ತೆಂದರೆ ತಪ್ಪಾಗಲಾರದು.

ಅಗ್ಗದ ಬೆಲೆಯ ಹಿಂದೆ ಒಂದು ಆಯ್ಕೆ ಇತ್ತು. ಯಾವ ಪುಸ್ತಕ ಹೊರದೇಶಕ್ಕೆ ಹೋಗಬೇಕು, ಯಾವುದು ಹೋಗಬಾರದು ಎಂಬುದನ್ನು ತೀರ್ಮಾನಿಸುತ್ತಿದ್ದುದು ಅಲ್ಲಿಯ ಸರ್ಕಾರ. ಕ್ರಾಂತಿಗೆ ಮುಂಚಿನ ದುಡಿಯುವ ತಾಯಿಯ ಕಥೆ ಬಂತು, ಕ್ರಾಂತಿಯ ಕಥೆ ಬಂತು, ಸಾಮೂಹಿಕ ಬೇಸಾಯ ಆರಂಭವಾದ ಕಥೆಯೂ ಬಂತು. ಆಮೇಲೆ ಏನಾಯಿತು ಎಂಬ ಸಂಪುಟ ಮಾತ್ರ ಆ ಮಾರ್ಗವಾಗಿ ಬರಲಿಲ್ಲ.

ಶೋಲೊಖೊವ್ ಕಾದಂಬರಿಯ ಮೊದಲ ಸಂಪುಟ ಒಕ್ಕಲುತನದ ಮನೆಯವರನ್ನು ಹಿಡಿದು ಕೂರಿಸುತ್ತದೆ. ನಗರದ ಕಾರ್ಖಾನೆಯಿಂದ ಡೇವಿಡೋವ್ ಎಂಬ ಕಾರ್ಮಿಕ ಹಳ್ಳಿಗೆ ಬರುತ್ತಾನೆ. ಸಂಘಕ್ಕೆ ಕೊಡಬೇಕಲ್ಲ ಎಂದು ರೈತರು ರಾತ್ರೋರಾತ್ರಿ ದನಗಳನ್ನು ಕಡಿದು ತಿನ್ನುತ್ತಾರೆ. ಶೂಕರ್ ಎಂಬ ಮುದುಕ ಮಾಂಸ ತಿಂದು ತಿಂದು ಹೊಟ್ಟೆ ಕೆಡಿಸಿಕೊಳ್ಳುವ ಪ್ರಸಂಗ ನಗು ತರಿಸುತ್ತದೆ. ಆದರೆ ಎತ್ತನ್ನು ಮಗನಂತೆ ಸಾಕಿದವರಿಗೆ ಆ ನಗು ಪೂರ್ತಿ ಬರಲಾರದು. ಬಿತ್ತನೆ ಕಾಳಿನ ಕಣಜದ ಕೀಲಿಗಾಗಿ ಹೆಂಗಸರು ದಂಗೆ ಎದ್ದು ಡೇವಿಡೋವನನ್ನು ಹೊಡೆಯುತ್ತಾರೆ. ಅನುಕೂಲಸ್ಥ ರೈತರನ್ನು ಮನೆಯಿಂದ ಹೊರಹಾಕುವ ಕೆಲಸಕ್ಕೆ ಹೋದ ರಾಜ್ಮ್ಯೋಟ್ನೋವ್, ಹನ್ನೊಂದು ಮಕ್ಕಳಿರುವ ಒಂದು ಮನೆಯನ್ನು ಕಂಡ ಮೇಲೆ ಇನ್ನು ಈ ಕೆಲಸ ತನ್ನಿಂದಾಗದು ಎನ್ನುತ್ತಾನೆ. ಪಕ್ಷದ ಮನುಷ್ಯನೇ ಹಾಗೆನ್ನುವುದು 1932ರ ಪುಸ್ತಕದಲ್ಲಿದೆ. ಇದನ್ನು ಬರೀ ಪ್ರಚಾರದ ಕಾದಂಬರಿ ಎಂದು ಬದಿಗಿಡುವವರು ಈ ಪುಟಗಳನ್ನು ಓದಿರಲಾರರು.

ಉತ್ತರ ಕರ್ನಾಟಕದ ಓದುಗ ಇಲ್ಲಿ ಒಂದು ಕಡೆ ಎಡವುವ ಸಾಧ್ಯತೆ ಇದೆ. ಸಂಘ ಎಂದರೆ ಅವನಿಗೆ ಪರಿಚಯದ ಮಾತು. ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ 1969ರದು, ದೇಶದಲ್ಲಿ ಮೊದಲು ಆರಂಭವಾದ ಇಂಥ ಐದು ಸಂಘಗಳಲ್ಲಿ ಒಂದು. ಸಂಕೇಶ್ವರದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ. ಷೇರು ಕೊಂಡು ಸದಸ್ಯನಾಗುವುದು, ಆಡಳಿತ ಮಂಡಳಿಯ ಚುನಾವಣೆಯಲ್ಲಿ ಜಗಳವಾಡುವುದು, ಕಬ್ಬಿನ ಬಿಲ್ಲಿಗಾಗಿ ಕಾಯುವುದು ಎಲ್ಲವೂ ಇಲ್ಲಿನವರಿಗೆ ಗೊತ್ತು. ಆದರೆ ಇಲ್ಲಿಯ ಸಂಘಕ್ಕೆ ಸೇರದವನ ಹೊಲ ಅವನ ಹೊಲವಾಗಿಯೇ ಉಳಿಯುತ್ತದೆ. ಡಾನ್ ಸೀಮೆಯಲ್ಲಿ ಒಲ್ಲೆ ಎಂದವನನ್ನು ಹೆಂಡತಿ ಮಕ್ಕಳ ಸಹಿತ ದೂರದ ಚಳಿ ಸೀಮೆಗೆ ಗಡೀಪಾರು ಮಾಡಬಹುದಿತ್ತು. ಬೆಳೆದ ಕಾಳಿನಲ್ಲಿ ಎಷ್ಟು ಸರ್ಕಾರಕ್ಕೆ, ಎಷ್ಟು ಹೊಟ್ಟೆಗೆ ಎಂಬ ಲೆಕ್ಕವೂ ಹಳ್ಳಿಯವರ ಕೈಯಲ್ಲಿರಲಿಲ್ಲ.

1930ರ ಮಾರ್ಚ್ 2ರಂದು ಸ್ಟಾಲಿನ್ ‘ಪ್ರಾವ್ದಾ’ದಲ್ಲಿ ಲೇಖನ ಬರೆದು, ಸ್ಥಳೀಯ ಅಧಿಕಾರಿಗಳು ಯಶಸ್ಸಿನ ಅಮಲಿನಲ್ಲಿ ಅತಿರೇಕ ಮಾಡಿದರೆಂದು ದೋಷವನ್ನು ಅವರ ತಲೆಗೆ ಕಟ್ಟಿದರು. ಕಾದಂಬರಿಯಲ್ಲಿ ಈ ಲೇಖನವೂ ಬರುತ್ತದೆ. ಅದನ್ನು ಓದಿ ನಗುಲ್ನೋವ್ ಎಂಬ ಕಟ್ಟಾ ಪಕ್ಷಪ್ರೇಮಿ ಕಂಗಾಲಾಗುತ್ತಾನೆ. ರೈತರಿಗೆ ಸ್ವಲ್ಪ ಉಸಿರಾಡಲು ಸಿಕ್ಕಿತು. ಮೊದಲ ಸಂಪುಟ ಈ ಬಿಡುವಿನಲ್ಲಿ ಮುಗಿಯುತ್ತದೆ. ಎಲ್ಲವೂ ಇನ್ನು ಸರಿಹೋಗಬಹುದು ಎಂದು ಓದುಗ ನಂಬಲು ಅಡ್ಡಿಯಿಲ್ಲ.

ನಿಜವಾದ ಡಾನ್ ಸೀಮೆಯಲ್ಲಿ ಆಮೇಲೆ ನಡೆದದ್ದೇ ಬೇರೆ. ಕಾಳು ವಸೂಲಿಯ ಗುರಿ ಏರುತ್ತ ಹೋಯಿತು. ಈ ಭಾಗದ ಹಳೆಯ ಮನೆಗಳವರು ಹಗೇವಿನಲ್ಲಿ ಜೋಳ ತುಂಬಿಡುತ್ತಿದ್ದಂತೆ ಅಲ್ಲಿಯವರೂ ನೆಲದಲ್ಲಿ ಗುಂಡಿ ತೋಡಿ ಕಾಳು ಬಚ್ಚಿಟ್ಟರು. ವಸೂಲಿಯವರು ಕಬ್ಬಿಣದ ಸರಳು ಚುಚ್ಚಿ ಹುಡುಕಿದರು. 1932-33ರ ಕ್ಷಾಮದಲ್ಲಿ ಉಕ್ರೇನ್, ಡಾನ್, ಕುಬಾನ್, ವೋಲ್ಗಾ, ಕಜಕಸ್ತಾನದ ಸೀಮೆಗಳಲ್ಲಿ ಸತ್ತವರು 50ರಿಂದ 70 ಲಕ್ಷ ಎಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳಲ್ಲಿ 1876-78ರ ಬರ ಮಳೆ ಹೋಗಿ ಬಂದದ್ದು. ಬ್ರಿಟಿಷರ ಆಡಳಿತ ಅದನ್ನು ಇನ್ನಷ್ಟು ಘೋರ ಮಾಡಿತು. ಡಾನ್ ದಂಡೆಯ ಬರದಲ್ಲಿ ಮುಖ್ಯ ಕಾರಣ ಮಳೆಯಲ್ಲ, ವಸೂಲಿ.

ಇದು ಶೋಲೊಖೊವ್‌ಗೆ ತಿಳಿಯದ ಸಂಗತಿಯೇ? ತಿಳಿದಿತ್ತು. 1933ರ ಏಪ್ರಿಲ್‌ನಲ್ಲಿ ಅವರು ತಮ್ಮ ವೆಶೆನ್ಸ್ಕಾಯಾ ಸೀಮೆಯ ಸ್ಥಿತಿಯನ್ನು ವಿವರಿಸಿ ಸ್ಟಾಲಿನ್‌ಗೆ ದೀರ್ಘ ಪತ್ರ ಬರೆದರು. ಕಾಳು ತೆಗೆಸಲು ಅಧಿಕಾರಿಗಳು ರೈತರಿಗೆ ಕೊಟ್ಟ ಹಿಂಸೆಯ ಪಟ್ಟಿಯನ್ನೇ ಅದರಲ್ಲಿ ಕೊಟ್ಟರು. ಹಾಗೆ ಬರೆಯುವುದಕ್ಕೆ ಎಂಥ ಎದೆ ಬೇಕಿತ್ತು ಎಂಬುದನ್ನು ಆ ಕಾಲ ಬಲ್ಲವರಿಗೆ ಹೇಳಬೇಕಿಲ್ಲ. ಸ್ಟಾಲಿನ್ ಆ ಸೀಮೆಗೆ ಧಾನ್ಯ ಕಳಿಸಲು ಆದೇಶಿಸಿದರು. ಜತೆಗೇ, ರೈತರು ಸರ್ಕಾರದ ವಿರುದ್ಧ ಸದ್ದಿಲ್ಲದ ಯುದ್ಧ ಹೂಡಿದ್ದಾರೆಂದು ಉತ್ತರ ಬರೆದರು. ಆ ಪತ್ರದಿಂದ ವೆಶೆನ್ಸ್ಕಾಯಾದಲ್ಲಿ ಎಷ್ಟೋ ಜೀವ ಉಳಿದವು. ಆದರೆ ಪತ್ರದಲ್ಲಿದ್ದುದು ಕಾದಂಬರಿಗೆ ಬರಲಿಲ್ಲ. 1960ರ ಸಂಪುಟದಲ್ಲಿ ಶೂಕರ್ ಮುದುಕನ ಹರಟೆ ಇದೆ, ಡೇವಿಡೋವನ ಪ್ರೇಮವಿದೆ, ಸಂಚುಗಾರರಿದ್ದಾರೆ. ಕೊನೆಯಲ್ಲಿ ಡೇವಿಡೋವ್ ಮತ್ತು ನಗುಲ್ನೋವ್ ಇಬ್ಬರೂ ಶತ್ರುಗಳ ಗುಂಡಿಗೆ ಬಲಿಯಾಗುತ್ತಾರೆ. ಅವರಿಬ್ಬರೂ ಬದುಕಿದ್ದರೆ 1933ನ್ನು ನೋಡಬೇಕಾಗುತ್ತಿತ್ತು.

ಶೋಲೊಖೊವ್‌ಗೆ ಅನ್ಯಾಯ ಮಾಡಬಾರದು. ಯುದ್ಧದಲ್ಲಿ ಅವರ ಕಾಗದಪತ್ರಗಳು ನಾಶವಾದವು, 1942ರ ಬಾಂಬ್ ದಾಳಿಯಲ್ಲಿ ತಾಯಿ ತೀರಿಕೊಂಡರು. ಅದಕ್ಕೂ ಮುಂಚೆ, ಇಪ್ಪತ್ತರ ಹರೆಯದಲ್ಲಿ, ಅವರೇ ಇನ್ನೊಂದು ಸಂಪುಟಕ್ಕಾಗಿ ಹಟ ಹಿಡಿದು ಗೆದ್ದವರು. ‘ಡಾನ್’ ಕಾದಂಬರಿಯ ಮೊದಲೆರಡು ಸಂಪುಟಗಳು 1928ರಲ್ಲಿ ಅಪಾರ ಜನಪ್ರಿಯತೆ ಗಳಿಸಿದವು. ಮೂರನೆಯದರಲ್ಲಿ 1919ರಲ್ಲಿ ಕೊಸಾಕರು ಬೋಲ್ಷೆವಿಕರ ವಿರುದ್ಧ ದಂಗೆ ಎದ್ದ ಕಥೆ ಬಂತು. ದಂಗೆಗೆ ಬೋಲ್ಷೆವಿಕರ ಅತ್ಯಾಚಾರವೂ ಕಾರಣ ಎಂಬುದು ಅದರಲ್ಲಿ ಸ್ಪಷ್ಟವಾಗಿತ್ತು. ಪ್ರಕಟಣೆ ನಿಂತಿತು. 1931ರಲ್ಲಿ ಗಾರ್ಕಿಯ ಸಮ್ಮುಖದಲ್ಲಿ ಸ್ಟಾಲಿನ್‌ರನ್ನು ಕಂಡ ಮೇಲೆ ದಾರಿ ತೆರೆಯಿತು. 1940ರಲ್ಲಿ ನಾಲ್ಕನೆಯ ಸಂಪುಟ ಮುಗಿಯುವ ಹೊತ್ತಿಗೆ ನಾಯಕ ಗ್ರಿಗೊರಿ ಮೆಲೆಖೋವ್ ಕ್ರಾಂತಿಯ ಕಡೆಗೆ ಒಲಿಯುತ್ತಾನೆಂದು ವಿಮರ್ಶಕರು ಕಾದಿದ್ದರು. ಅವನು ಎಲ್ಲವನ್ನೂ ಕಳೆದುಕೊಂಡು, ಉಳಿದೊಬ್ಬ ಮಗನನ್ನು ಎತ್ತಿಕೊಂಡು, ಮನೆಯ ಬಾಗಿಲಲ್ಲಿ ನಿಂತ. ‘ಡಾನ್’ ಇಂದಿಗೂ ಓದಿಸಿಕೊಳ್ಳುವುದಕ್ಕೆ ಆ ಕೊನೆಯೇ ದೊಡ್ಡ ಕಾರಣ.

ಎರಡನೆಯ ಸಂಪುಟದಲ್ಲಿ ಹಿಂದೆ ಸರಿಯದೆ ಮುಂದಕ್ಕೇ ಹೋದ ಇನ್ನೊಬ್ಬ ಲೇಖಕ ವಾಸಿಲಿ ಗ್ರಾಸ್‌ಮನ್. ಅವರೂ 1905ರಲ್ಲೇ ಹುಟ್ಟಿದವರು, ಊರು ಉಕ್ರೇನಿನ ಬೆರ್ದಿಚೆವ್. ಯುದ್ಧಕಾಲದಲ್ಲಿ ಸೇನೆಯ ‘ಕ್ರಾಸ್ನಾಯಾ ಜ್ವೆಜ್ದಾ’ ಪತ್ರಿಕೆಯ ವರದಿಗಾರರಾಗಿ ಸ್ಟಾಲಿನ್‌ಗ್ರಾಡ್ ಕಾಳಗವನ್ನು ಕಣ್ಣಾರೆ ಕಂಡರು. ಆ ದಿನಗಳಲ್ಲಿ ಅವರು ಓದುತ್ತಿದ್ದ ಪುಸ್ತಕ ಟಾಲ್‌ಸ್ಟಾಯ್‌ರ ‘ಯುದ್ಧ ಮತ್ತು ಶಾಂತಿ’. ಸ್ಟಾಲಿನ್‌ಗ್ರಾಡ್ ಬಗ್ಗೆ ಅವರು ಬರೆದ ಕಾದಂಬರಿಯ ಮೊದಲ ಭಾಗ, ‘ನ್ಯಾಯದ ಗುರಿಗಾಗಿ’ ಎಂಬರ್ಥದ ಹೆಸರಿನಲ್ಲಿ, 1952ರಲ್ಲಿ ‘ನೋವಿ ಮೀರ್’ ಪತ್ರಿಕೆಯಲ್ಲಿ ಬಂತು. 1953ರ ಫೆಬ್ರುವರಿಯಲ್ಲಿ ‘ಪ್ರಾವ್ದಾ’ ಅದರ ಮೇಲೆ ಹರಿಹಾಯ್ದಿತು. ಮಾರ್ಚ್ 5ರಂದು ಸ್ಟಾಲಿನ್ ಸತ್ತದ್ದರಿಂದ ಲೇಖಕರು ಬಚಾವಾದರು ಎನ್ನಬೇಕು.

ಆ ಕಾದಂಬರಿಯ ಮುಂದಿನ ಭಾಗವೇ ‘ಲೈಫ್ ಅಂಡ್ ಫೇಟ್’. ಅವೇ ಮನುಷ್ಯರು, ಅದೇ ಕುಟುಂಬ, ಅದೇ ಕಾಳಗ. ಹಳೆಯ ಬೋಲ್ಷೆವಿಕ್ ಮೋಸ್ಟೊವ್‌ಸ್ಕೊಯ್ ನಾಜಿಗಳ ಸೆರೆಯಲ್ಲಿದ್ದಾನೆ. ನಾವು ನೀವು ಒಬ್ಬರಿಗೊಬ್ಬರು ಕನ್ನಡಿ ಎಂದು ನಾಜಿ ಅಧಿಕಾರಿ ಅವನಿಗೆ ಹೇಳುತ್ತಾನೆ. ಆ ಮಾತನ್ನು ತಳ್ಳಿಹಾಕಲು ಮುದುಕ ತನ್ನೊಳಗೇ ಹೆಣಗಬೇಕಾಗುತ್ತದೆ. ಭೌತವಿಜ್ಞಾನಿ ವಿಕ್ಟರ್ ಶ್ಟ್ರೂಮ್ ಪಕ್ಷದ ಒತ್ತಡಕ್ಕೆ ಮಣಿಯದೆ ನಿಲ್ಲುತ್ತಾನೆ. ಸ್ವತಃ ಸ್ಟಾಲಿನ್ ದೂರವಾಣಿಯಲ್ಲಿ ಮಾತನಾಡಿದ ಮೇಲೆ ಎಲ್ಲ ಕಷ್ಟ ಕಳೆಯುತ್ತದೆ. ಕಷ್ಟ ಕಳೆದ ಮೇಲೆ, ನಿರಪರಾಧಿಗಳ ವಿರುದ್ಧದ ಒಂದು ಸುಳ್ಳು ಪತ್ರಕ್ಕೆ ಅವನೇ ಸಹಿ ಹಾಕುತ್ತಾನೆ. ಕಷ್ಟಕಾಲದಲ್ಲಿ ಬಾಗದವನು ಸುಖದ ದಿನದಲ್ಲಿ ಬಾಗಿದ. 1953ರ ಆರಂಭದಲ್ಲಿ ಗ್ರಾಸ್‌ಮನ್ ಸಹ ಅಂಥದೊಂದು ಪತ್ರಕ್ಕೆ ಸಹಿ ಹಾಕಿದ್ದರು. ತನ್ನ ತಪ್ಪನ್ನು ಹೀಗೆ ಪಾತ್ರದ ಮೇಲೆ ಹೊರಿಸಿ ನೋಡಿದ ಲೇಖಕರು ವಿರಳ.

ಶೋಲೊಖೊವ್ ದಾಟದ ಗೆರೆಯನ್ನು ಈ ಪುಸ್ತಕ ದಾಟುವುದು ಒಂದು ಸಣ್ಣ ಪ್ರಸಂಗದಲ್ಲಿ. ಜರ್ಮನರ ಸೆರೆಯಲ್ಲಿ ಹಸಿದು ಸಾಯುವ ಸ್ಥಿತಿಗೆ ಬಂದ ಸೆಮ್ಯೋನೋವ್ ಎಂಬ ಸೋವಿಯತ್ ಸೈನಿಕ ಉಕ್ರೇನಿನ ಹಳ್ಳಿಯಲ್ಲಿ ಅಲೆಯುತ್ತಾನೆ. ಕ್ರಿಸ್ತ್ಯಾ ಎಂಬ ಬಡ ಹೆಂಗಸು ಅವನನ್ನು ಮನೆಯೊಳಗೆ ಕರೆದು, ಮೈ ತೊಳೆದು, ಹಾಲು ಕುಡಿಸಿ ಬದುಕಿಸುತ್ತಾಳೆ. ಹತ್ತು ವರ್ಷದ ಹಿಂದಿನ ಕ್ಷಾಮದಲ್ಲಿ ಆಕೆ ತನ್ನವರನ್ನು ಕಳೆದುಕೊಂಡಿದ್ದಳು. ಕಾಳು ಹೊತ್ತೊಯ್ದದ್ದು ಯಾರೆಂಬುದೂ ಆಕೆಗೆ ನೆನಪಿದೆ. ಆದರೂ ಆ ಸೈನಿಕನಿಗೆ ತುತ್ತು ಇಕ್ಕುತ್ತಾಳೆ.

1960ರಲ್ಲಿ, ಶೋಲೊಖೊವ್‌ಗೆ ಲೆನಿನ್ ಪ್ರಶಸ್ತಿ ಬಂದ ವರ್ಷವೇ, ಗ್ರಾಸ್‌ಮನ್ ತಮ್ಮ ಹಸ್ತಪ್ರತಿಯನ್ನು ‘ಜ್ನಾಮ್ಯಾ’ ಪತ್ರಿಕೆಗೆ ಕೊಟ್ಟರು. 1961ರ ಫೆಬ್ರುವರಿಯಲ್ಲಿ ಕೆ.ಜಿ.ಬಿ. ಅಧಿಕಾರಿಗಳು ಮನೆಗೆ ಬಂದರು. ಲೇಖಕರನ್ನು ಬಂಧಿಸಲಿಲ್ಲ, ಪುಸ್ತಕವನ್ನು ಬಂಧಿಸಿದರು. ಹಸ್ತಪ್ರತಿ, ಟಿಪ್ಪಣಿಗಳ ಜತೆ ಕಾರ್ಬನ್ ಕಾಗದವನ್ನೂ ಟೈಪ್‌ರೈಟರ್ ರಿಬ್ಬನ್ನನ್ನೂ ಒಯ್ದರು. ರಿಬ್ಬನ್ನಿನ ಮೇಲಿನ ಅಕ್ಷರದ ಗುರುತೂ ಉಳಿಯಬಾರದೆಂಬಷ್ಟು ಎಚ್ಚರ. ಪಕ್ಷದ ಸಿದ್ಧಾಂತಗಳ ಉಸ್ತುವಾರಿ ಹೊತ್ತಿದ್ದ ಸುಸ್ಲೋವ್ 1962ರಲ್ಲಿ ಗ್ರಾಸ್‌ಮನ್‌ರನ್ನು ಕರೆಸಿ, ಇನ್ನೂರು ಮುನ್ನೂರು ವರ್ಷ ಈ ಪುಸ್ತಕ ಹೊರಬರಲಾರದು ಎಂದರಂತೆ. ಪುಸ್ತಕದ ಶಕ್ತಿಯನ್ನು ಹೀಗೆ ಅಳೆದ ವಿಮರ್ಶಕ ಬೇರೊಬ್ಬನಿಲ್ಲ! 1964ರಲ್ಲಿ ಗ್ರಾಸ್‌ಮನ್ ಕ್ಯಾನ್ಸರ್‌ನಿಂದ ತೀರಿಕೊಂಡರು.

ಆದರೆ ಅವರು ಸ್ನೇಹಿತರ ಬಳಿ ಪ್ರತಿಗಳನ್ನು ಬಚ್ಚಿಟ್ಟಿದ್ದರು. ಒಂದು ಕವಿ ಸೆಮ್ಯೋನ್ ಲಿಪ್ಕಿನ್ ಬಳಿ ಇತ್ತು. ವಿಜ್ಞಾನಿ ಆಂದ್ರೇ ಸಖರೋವ್ ಮತ್ತು ಎಲೆನಾ ಬೋನ್ನರ್ ಅದನ್ನು ಮೈಕ್ರೋಫಿಲ್ಮ್ ಮಾಡಲು ನೆರವಾದರು, ಲೇಖಕ ವ್ಲಾದಿಮಿರ್ ವೊಯ್ನೊವಿಚ್ ಹೊರದೇಶಕ್ಕೆ ಸಾಗಿಸುವ ವ್ಯವಸ್ಥೆ ಮಾಡಿದರು. 1980ರಲ್ಲಿ ಸ್ವಿಟ್ಜರ್ಲೆಂಡಿನ ಲೌಸಾನ್‌ನಲ್ಲಿ ಅಚ್ಚಾಯಿತು. ಗೊರ್ಬಚೋವ್ ಕಾಲದಲ್ಲಿ, 1988ರಲ್ಲಿ, ರಷ್ಯಾದ ‘ಒಕ್ತ್ಯಾಬರ್’ ಪತ್ರಿಕೆಯಲ್ಲೇ ಬಂತು. ಮೂರು ವರ್ಷದ ನಂತರ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಮಾಸ್ಕೋದ ಅಗ್ಗದ ಪುಸ್ತಕಗಳು ಬರುವುದೂ ನಿಂತಿತು. 1961ರಲ್ಲಿ ಒಯ್ದಿದ್ದ ಹಸ್ತಪ್ರತಿಗಳನ್ನು ರಷ್ಯಾದ ಭದ್ರತಾ ಇಲಾಖೆ ಸಾಹಿತ್ಯದ ಸರ್ಕಾರಿ ಪತ್ರಾಗಾರಕ್ಕೆ ಒಪ್ಪಿಸಿದ್ದು 2013ರಲ್ಲಿ.

ಇಂಗ್ಲಿಷಿನ ಮೂಲಕ ಈ ಪುಸ್ತಕವನ್ನು ಓದುವವರಿಗೆ ಇನ್ನೊಂದು ವಿಚಿತ್ರ ಕಾದಿತ್ತು. ಎರಡನೆಯ ಭಾಗದ ಇಂಗ್ಲಿಷ್ ಅನುವಾದ 1985ರಲ್ಲೇ ಬಂತು. ಮೊದಲನೆಯದು ‘ಸ್ಟಾಲಿನ್‌ಗ್ರಾಡ್’ ಎಂಬ ಹೆಸರಿನಲ್ಲಿ ಬಂದದ್ದು 2019ರಲ್ಲಿ. ಮೂವತ್ತನಾಲ್ಕು ವರ್ಷ ಓದುಗರು ಉತ್ತರಾರ್ಧವನ್ನೇ ಆರಂಭವೆಂದುಕೊಂಡು ಓದಿದರು. ಅಷ್ಟೊಂದು ಪಾತ್ರಗಳು ಪರಿಚಯವೇ ಇಲ್ಲದೆ ಒಳನುಗ್ಗುವುದನ್ನು ಕಂಡು ಲೇಖಕರ ಮೇಲೆ ಸಿಟ್ಟಾದವರೂ ಇದ್ದಾರು.

ಎರಡನ್ನೂ ಕ್ರಮವಾಗಿ ಓದಿದರೆ ಮಾತ್ರ ಕಾಣುವ ಒಂದು ಸಂಗತಿ ಇದೆ. ಗ್ರಾಸ್‌ಮನ್ ಅವರ ತಾಯಿ 1941ರ ಸೆಪ್ಟೆಂಬರ್‌ನಲ್ಲಿ ಬೆರ್ದಿಚೆವ್‌ನಲ್ಲಿ ಇತರ ಯಹೂದಿಗಳೊಂದಿಗೆ ನಾಜಿಗಳಿಂದ ಹತರಾದರು. ಸಮಯವಿದ್ದಾಗ ತಾಯಿಯನ್ನು ಮಾಸ್ಕೋಗೆ ಕರೆಸಿಕೊಳ್ಳಲಿಲ್ಲವೆಂಬ ಕೊರಗು ಮಗನನ್ನು ಕೊನೆಯವರೆಗೂ ಬಿಡಲಿಲ್ಲ. ಆಕೆ ಸತ್ತು ಒಂಬತ್ತು ವರ್ಷಕ್ಕೆ ಒಮ್ಮೆ, ಇಪ್ಪತ್ತು ವರ್ಷಕ್ಕೆ ಇನ್ನೊಮ್ಮೆ, ಅವರು ತಾಯಿಗೆ ಪತ್ರ ಬರೆದಿಟ್ಟರು. ‘ಲೈಫ್ ಅಂಡ್ ಫೇಟ್’ ಆಕೆಗೇ ಅರ್ಪಿತ. ಕಾದಂಬರಿಯ ಶ್ಟ್ರೂಮ್‌ಗೂ ಅಂಥ ತಾಯಿ ಇದ್ದಾಳೆ. ಆಕೆ ಸಾಯುವ ಮುನ್ನ ಮಗನಿಗೆ ಬರೆದ ಕೊನೆಯ ಪತ್ರ, ಕೈಯಿಂದ ಕೈಗೆ ದಾಟಿ, ಮೊದಲ ಭಾಗದಲ್ಲಿ ಅವನನ್ನು ತಲುಪುತ್ತದೆ. ಅವನು ಅದನ್ನು ಓದುತ್ತಾನೆ. ಓದುಗನಿಗೆ ಅದರ ಒಂದು ಸಾಲೂ ಕಾಣಿಸುವುದಿಲ್ಲ. 1952ರ ಮಾಸ್ಕೋದಲ್ಲಿ ಅದನ್ನು ಅಚ್ಚು ಹಾಕುವುದು ಸಾಧ್ಯವಿರಲಿಲ್ಲ. ಎರಡನೆಯ ಭಾಗದಲ್ಲಿ, ಹದಿನೆಂಟನೆಯ ಅಧ್ಯಾಯಕ್ಕೆ ಬಂದಾಗ, ಆ ಪತ್ರ ಮೊದಲಿನಿಂದ ಕೊನೆಯವರೆಗೆ ಇದೆ. ಅಧ್ಯಾಯದಲ್ಲಿ ಬೇರೇನೂ ಇಲ್ಲ.